ಚಕ್ಕುಬಂದಿ

ಚನ್ನಮಲ್ಲಪ್ಪ ಮೇಷ್ಟ್ರ ಮಕ್ಕಳ ಪಾಲುಪತ್ರ ಬರೆದವನು ನಾನೇ,
ಕಡೂರಿನ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು, ಝೆರಾಕ್ಸ್ ಅಂಗಡಿ ಪಕ್ಕ.
ಯಗಟಿ ರಸ್ತೆಯ ತೆಂಗಿನ ತೋಟ ಮೂರು ಭಾಗ,
ತಾಮ್ರದ ಹಂಡೆ ದೊಡ್ಡವನಿಗೆ, ಹೊಲಿಗೆ ಮಿಷನ್ನು ಮಗಳಿಗೆ.
‘ಪುಸ್ತಕ, ಒಂದು ಟ್ರಂಕು’ ಅಂತ ಬರೆದು ತಲೆಯೆತ್ತಿದೆ.
ಯಾರೂ ಮಾತಾಡಲಿಲ್ಲ.
ನನ್ನ ಫೀಸಿನಲ್ಲಿ ಇನ್ನೂರು ಮುರಿದುಕೊಂಡು
ಟ್ರಂಕನ್ನು ಮೇಜಿನ ಕೆಳಗೆ ತಳ್ಳಿ ಹೋದರು.

ಇವತ್ತು ಬೆಳಗ್ಗಿನಿಂದ ಸರ್ವರ್ ಇಲ್ಲ.
ಹೆಬ್ಬೆಟ್ಟು ಒತ್ತಲು ಬಂದವರು ಬೇವಿನ ನೆರಳಲ್ಲಿ
ಹೆಬ್ಬೆಟ್ಟು ಮಡಚಿಕೊಂಡು ಕೂತಿದ್ದಾರೆ.
ಟ್ರಂಕು ತೆಗೆದೆ.

ಒಂದು ನೋಟ್‌ಬುಕ್ಕು, ಹಿಂದೆ ಮಗ್ಗಿ ಇರುವಂಥದ್ದು.
ಮೊದಲ ಪುಟದಲ್ಲಿ ಒಬ್ಬ ಗ್ರೀಕನ ಹೆಸರು,
ಕನ್ನಡದಲ್ಲಿ ಮೂರು ಥರ ಬರೆದು ಮೂರನ್ನೂ ಹೊಡೆದುಹಾಕಿದ್ದಾರೆ.
ಕೆಳಗೆ: ‘ಚರಿತ್ರೆಯ ಅಪ್ಪ ಅನ್ನುತ್ತಾರಲ್ಲ,
ಅವನಿಗಿಂತ ಮುಂಚಿನವನು.
ಬರೆದ ಪುಸ್ತಕ ಎರಡು. ಸಿಕ್ಕಿದ್ದು ಸೊನ್ನೆ.
ಬೇರೆಯವರು ಎತ್ತಿ ಹೇಳಿದ ತುಣುಕು ಇಪ್ಪತ್ತಮೂರು.’

ಪುಸ್ತಕ ಯಾವುವು ಅಂದರೆ,
ಒಂದರಲ್ಲಿ ಯಾರ ಮಗ ಯಾರು, ಅವನ ಅಪ್ಪ ಯಾರು, ದೇವರವರೆಗೂ.
ಇನ್ನೊಂದರಲ್ಲಿ ಕಡಲನ್ನು ಬಲಕ್ಕಿಟ್ಟುಕೊಂಡು ಹೋದರೆ
ಯಾವ ಊರಾದ ಮೇಲೆ ಯಾವ ಊರು.
ನಗು ಬಂತು.
ಅದು ವಂಶವೃಕ್ಷ, ಇದು ಚಕ್ಕುಬಂದಿ.
ಮೂವತ್ತೊಂದು ವರ್ಷದಿಂದ ನಾನು ಬರೆಯುತ್ತಿರುವುದೂ ಇವೆರಡೇ.
ಲೈಸೆನ್ಸ್ ಇಲ್ಲದೆ ಬರೆದಿದ್ದಾನೆ, ಪುಣ್ಯಾತ್ಮ.

ತುಣುಕು ನಾಲ್ಕು: ‘ಆ ಊರಿನ ಬಾವಿ ಉಪ್ಪು.
ಕುರಿಗಳು ಬೆಳಗ್ಗೆ ಮಾತ್ರ ಕುಡಿಯುತ್ತವೆ.’
ತುಣುಕು ಒಂಬತ್ತು: ‘ಅಲ್ಲಿಂದಾಚೆ ನಾನು ಹೋಗಿಲ್ಲ.
ಹೋದವನೊಬ್ಬ ಹೇಳಿದ.’
ತುಣುಕು ಹದಿನಾರು ಒಂದೇ ಪದ: ಏಣಿ.
ಯಾವನೋ ವ್ಯಾಕರಣದವನು ಕಾಗುಣಿತ ತೋರಿಸಲು ಎತ್ತಿಕೊಂಡನಂತೆ.
ಯಾರ ಏಣಿ, ಯಾವ ಗೋಡೆಗೆ,
ಹತ್ತಿದವರು ಇಳಿದರೋ ಇಲ್ಲವೋ.
ಮೇಷ್ಟ್ರು ಪಕ್ಕದಲ್ಲಿ ಪೆನ್ಸಿಲ್ಲಿನಿಂದ
ಒಂದು ಏಣಿ ಬರೆದಿದ್ದಾರೆ, ಐದು ಮೆಟ್ಟಿಲು.

ಮಿಕ್ಕಿದ್ದರಲ್ಲಿ ಹತ್ತು ಉಳಿದದ್ದು ಹೀಗೆ:
‘ಇವನು ಹೀಗನ್ನುತ್ತಾನೆ, ಆದರೆ ಅದು ಸುಳ್ಳು.’
ಸುಳ್ಳೆಂದವರ ಬಾಯಲ್ಲೇ ಎರಡೂವರೆ ಸಾವಿರ ವರ್ಷ ಇದ್ದುಬಿಟ್ಟಿದ್ದಾನೆ.
ಹೌದೆಂದವರು ತಲೆಯಾಡಿಸಿ ಮನೆಗೆ ಹೋಗಿರಬೇಕು.

ಹಾಲಮ್ಮನ ಕೇಸು ನೆನಪಾಯಿತು.
ರಿಜಿಸ್ಟರ್ ಆಗದ ಕರಾರು, ಒಂದೇ ಪ್ರತಿ.
ಅದರಲ್ಲಿ ಬರೆದಿದ್ದೆ: ‘ಪೂರ್ವಕ್ಕೆ ಜೋಡಿ ಹುಣಸೆಮರ.’
ವಿಚಾರಣೆಗೆ ಬರುವಷ್ಟರಲ್ಲಿ ಮರ ಇಟ್ಟಿಗೆ ಗೂಡಿಗೆ ಹೋಗಿತ್ತು.
ಎದುರು ವಕೀಲ ಕೋಟು ಸರಿಮಾಡಿಕೊಂಡು ಎದ್ದು
‘ಈ ಪತ್ರಬರಹಗಾರ ಇಲ್ಲದ ಮರ ನೆಟ್ಟಿದ್ದಾನೆ ಸ್ವಾಮಿ,
ಒಂದಲ್ಲ, ಜೋಡಿ’ ಅಂದ.
ಎಲ್ಲರೂ ನಕ್ಕರು. ಸ್ಟೆನೋ ಟೈಪು ಮಾಡಿಕೊಂಡ.
ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರ ಇತ್ತು.
ಅದರ ಕೆಳಗೆ ನಿಂತು ಹಿಡಿ ಚಿಗುರು ತಿಂದಿದ್ದೇನೆ, ಹಲ್ಲು ಚುಳ್ಳೆಂದಿತ್ತು.
ಹಾಲಮ್ಮ ತೀರಿಕೊಂಡಳು, ಕರಾರು ಗೆದ್ದಲಿಗೆ ಹೋಯಿತು.
ಈಗ ಲೋಕದಲ್ಲಿ ಆ ಮರ ಇರುವುದು
ರೆಕಾರ್ಡು ರೂಮಿನ ಯಾವುದೋ ಕಟ್ಟಿನಲ್ಲಿ,
ಆ ವಕೀಲನ ಗೇಲಿಯಲ್ಲಿ.
ಅವನ ಮೇಲಿನ ಸಿಟ್ಟನ್ನು ಎಲ್ಲಿಡಲಿ ಅಂತ ತಿಳಿಯಲಿಲ್ಲ.

ನೋಟ್‌ಬುಕ್ಕಿನ ಕೊನೆಗೆ ‘೨೪’ ಅಂತ ಹಾಕಿ ಬಿಟ್ಟಿದ್ದಾರೆ.
ಇನ್ನೊಂದು ಸಿಗಬಹುದು ಅಂತಿತ್ತೋ,
ಮೇಷ್ಟ್ರಲ್ಲವೇ, ಅಂಕಿ ಮೊದಲು ಹಾಕಿಡುವ ಅಭ್ಯಾಸವೋ.
ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಮುಚ್ಚಿದೆ.

‘ಸರ್ವರ್ ಬಂತು!’
ಬೇವಿನ ಕೆಳಗಿನ ಹೆಬ್ಬೆಟ್ಟುಗಳೆಲ್ಲ ಎದ್ದವು.
ಮೊದಲು ಬಂದವನಿನ್ನೂ ಹುಡುಗ. ಎರಡೆಕರೆ, ಹೊಸ ಕ್ರಯ.
ಪೂರ್ವಕ್ಕೇನಪ್ಪಾ?
‘ಏನಿಲ್ಲ ಸರ್, ಬಯಲು.’
ಬಯಲಲ್ಲಿ ಏನಿದೆ,
ಸರಿಯಾಗಿ ನೆನಪು ಮಾಡಿಕೊಂಡು ಹೇಳು, ಅಂದೆ.